ಚಿಮಟ ಯಾರ ಕೈಯಲ್ಲಿ? ಕೊರಿಯನ್ ಬಾರ್ಬೆಕ್ಯೂ, ಯಾಕಿನಿಕು ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ದಕ್ಷಿಣ ಕೊರಿಯದ ಸುವಾನ್‌ನಲ್ಲಿ ನಾಲ್ಕು ವರ್ಷ, ಆಮೇಲೆ ಜಪಾನಿನ ಒಸಾಕಾದಲ್ಲಿ ಎರಡು ವರ್ಷ ಇದ್ದೆ. ಊರಿಂದ ಯಾರೇ ಬರಲಿ, ಆಫೀಸಿಗೆ ಹೊಸದಾಗಿ ಯಾವ ಕನ್ನಡದ ಹುಡುಗ, ಹುಡುಗಿ ಸೇರಲಿ, ಮೊದಲ ಶನಿವಾರ ಸಂಜೆ ಅವರನ್ನು ಬಾರ್ಬೆಕ್ಯೂ ಅಂಗಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ ಬೀಳುತ್ತಿತ್ತು. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಟೈಪ್ ಮಾಡಿದ್ದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ.

ಕೊರಿಯನ್ ಬಾರ್ಬೆಕ್ಯೂ, ಜಪಾನಿನ ಯಾಕಿನಿಕು ಎರಡೂ ಒಂದೇ ಅಲ್ವಾ?

ದಾಯಾದಿಗಳು ಅನ್ನಬಹುದು. ಎರಡರಲ್ಲೂ ಮೇಜಿನ ನಡುವೆ ಬೆಂಕಿ, ತಟ್ಟೆಯಲ್ಲಿ ಹಸಿ ಬಾಡು, ಕೈಯಲ್ಲಿ ಚಿಮಟ. ಯಾಕಿನಿಕು ಎಂಬ ಜಪಾನಿ ಪದಕ್ಕೆ ‘ಸುಟ್ಟ ಮಾಂಸ’ ಅಂತಷ್ಟೇ ಅರ್ಥ. ಆದರೆ ಇವತ್ತು ನಾವು ನೋಡುವ ಯಾಕಿನಿಕು ಅಂಗಡಿಯ ಬೇರು ಕೊರಿಯದಲ್ಲಿದೆ. 1910ರಿಂದ 1945ರವರೆಗೆ ಕೊರಿಯ ಜಪಾನಿನ ವಸಾಹತಾಗಿತ್ತು. ಹೊಟ್ಟೆಪಾಡಿಗೆ ಬಂದವರು, ಬಲವಂತವಾಗಿ ಕರೆತಂದವರು ಎಲ್ಲ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಬಹುಪಾಲು ಜನ ತಿರುಗಿ ಹೋದರು. ಉಳಿದವರಲ್ಲಿ ಎಷ್ಟೋ ಮಂದಿ ಯುದ್ಧಾನಂತರದ ಬಡತನದಲ್ಲಿ, ಬೇರೆಯವರು ಕೈಬಿಟ್ಟ ಬೋಟಿ, ಕರುಳನ್ನು ಮಸಾಲೆ ಹಚ್ಚಿ ಕೆಂಡದ ಮೇಲೆ ಸುಟ್ಟು ಮಾರಿ ಬದುಕಿದರು. ಒಸಾಕಾದ ತ್ಸುರುಹಾಶಿ ನಿಲ್ದಾಣದಲ್ಲಿ ರೈಲಿನ ಬಾಗಿಲು ತೆರೆದರೆ ಈಗಲೂ ಆ ಹೊಗೆಯ ಪರಿಮಳ ಮೂಗಿಗೆ ಬಡಿಯುತ್ತದೆ. ಆ ಸುತ್ತಿನ ಇಕುನೊ ಪ್ರದೇಶದಲ್ಲಿ ಜೇಜು ದ್ವೀಪದ ಮೂಲದವರು ಬಹಳ. 1923ರಲ್ಲಿ ಜೇಜುವಿನಿಂದ ಒಸಾಕಾಗೆ ನೇರ ಹಡಗು ಶುರುವಾಗಿದ್ದು ಅದಕ್ಕೊಂದು ಕಾರಣ.

ತಿನ್ನುವ ರೀತಿ ಮಾತ್ರ ಬೇರೆಬೇರೆ ದಾರಿ ಹಿಡಿದಿದೆ. ಕೊರಿಯದಲ್ಲಿ ಹಂದಿಯದೇ ದರ್ಬಾರು. ದಪ್ಪ, ಉದ್ದ ತುಂಡನ್ನು ಇಡಿಯಾಗಿ ಹಾಕಿ, ಕಾವಲಿಯ ಮೇಲೆಯೇ ಕತ್ತರಿಯಿಂದ ಕತ್ತರಿಸಿ, ಎಲೆಯಲ್ಲಿ ಸುತ್ತಿ ತಿನ್ನುತ್ತಾರೆ. ಜಪಾನಿನಲ್ಲಿ ದನದ ಮಾಂಸ ಮುಖ್ಯ. ಒಂದೊಂದು ತುತ್ತಿಗೆ ಸರಿಯಾಗಿ ತೆಳ್ಳಗೆ ಸೀಳಿದ ಹೋಳು ಬರುತ್ತದೆ, ಸುಟ್ಟಮೇಲೆ ‘ತಾರೆ’ ಎಂಬ ಸೋಯಾ ರಸದಲ್ಲಿ ಅದ್ದಿ ತಿನ್ನುತ್ತಾರೆ. ಕೊರಿಯದ ಮೇಜಿನಲ್ಲಿ ಒಬ್ಬರು ಎಲ್ಲರಿಗೂ ಸುಡುತ್ತಾರೆ. ಜಪಾನಿನ ಮೇಜಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಹೋಳಿನ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ.

ಎಷ್ಟು ಜನ ಹೋದರೆ ಸರಿ?

ನಾಲ್ಕು. ಒಂದು ಬೆಂಕಿಯ ಸುತ್ತ ನಾಲ್ಕು ಕೈ ಚೆನ್ನಾಗಿ ಓಡಾಡುತ್ತವೆ. ಐದನೆಯವರು ಯಾವಾಗಲೂ ಮೂಲೆಗೆ ಬಿದ್ದು, ಬೇರೆಯವರು ಕೊಟ್ಟದ್ದನ್ನು ತಿನ್ನಬೇಕಾಗುತ್ತದೆ. ಆರು, ಎಂಟು ಮಂದಿ ಇದ್ದರೆ ಎರಡು ಬೆಂಕಿ ಕೇಳಿ, ಪ್ರತಿ ಬೆಂಕಿಗೂ ಸುಡಲು ಬಲ್ಲವರೊಬ್ಬರನ್ನು ಕೂರಿಸಿ. ಗೊತ್ತಿಲ್ಲದವರೆಲ್ಲ ಒಂದೇ ಮೇಜಿಗೆ ಸೇರಿಕೊಂಡರೆ ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ.

ಹಾಗಾದರೆ ಸುಡೋದು ಯಾರು? ಅಂಗಡಿಯವರೇ ಸುಟ್ಟು ಕೊಡಲ್ವಾ?

ಕೊರಿಯದ ಎಷ್ಟೋ ಅಂಗಡಿಗಳಲ್ಲಿ ಸಿಬ್ಬಂದಿಯೇ ಬಂದು ಮೊದಲ ಸುತ್ತು ಸುಟ್ಟು, ಕತ್ತರಿಸಿ, ‘ಈಗ ತಿನ್ನಿ’ ಎಂದು ಸನ್ನೆ ಮಾಡಿ ಹೋಗುತ್ತಾರೆ. ಅವರು ಚಿಮಟ ಹಿಡಿದಾಗ ನೀವು ಕೈ ಹಾಕದಿರುವುದೇ ಮರ್ಯಾದೆ. ಯಾರೂ ಬರದಿದ್ದರೆ ಆ ಕೆಲಸ ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಸೇರಿದ್ದು. ಅವರನ್ನು ‘ಮಂಗ್ನೆ’ ಅನ್ನುತ್ತಾರೆ. ಆಫೀಸಿನ ಊಟವಾದರಂತೂ ಹೊಸ ಹುಡುಗನ ಕೈಗೆ ಚಿಮಟ ತಾನಾಗಿ ಬಂದು ಸೇರುತ್ತದೆ.

ಗೆಳೆಯರ ಗುಂಪಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಯಾರಿಗೆ ತಾಳ್ಮೆ ಇದೆಯೋ ಅವರಿಗೆ ಕೊಡಿ. ಚಿಮಟ ಹಿಡಿದವರು ಮಾತಾಡುತ್ತ ಮೈಮರೆತರೆ ಊಟ ಕೆಟ್ಟಿತು. ಅವರು ಬರೀ ಸುಡುತ್ತ ಕೂತು ತಿನ್ನದೇ ಉಳಿದರೆ ಗೆಳೆತನ ಕೆಟ್ಟಿತು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು: ಪ್ರತಿ ತಟ್ಟೆ ಮುಗಿದ ಮೇಲೆ ಚಿಮಟ ಬಲಗಡೆಯವರಿಗೆ ದಾಟಬೇಕು, ಮತ್ತು ಸುಡುವವರ ಬಾಯಿಗೆ ಪಕ್ಕದವರು ಒಂದು ತುತ್ತು ಸುತ್ತಿ ಇಡಬೇಕು. ಕೊರಿಯನ್ನರಲ್ಲೂ ಹೀಗೆ ತುತ್ತು ಇಡುವ ರೂಢಿ ಇದೆ, ಅದು ಅಕ್ಕರೆಯ ಗುರುತು.

ಜಪಾನಿನಲ್ಲಿ ತಾನೇ ಎಲ್ಲವನ್ನೂ ನಡೆಸಬೇಕು, ಬೇರೆಯವರು ಹೋಳು ಮುಟ್ಟಬಾರದು ಎನ್ನುವವರಿಗೆ ಒಂದು ಗೇಲಿಯ ಹೆಸರಿದೆ: ‘ಯಾಕಿನಿಕು ಬುಗ್ಯೊ’. ಬುಗ್ಯೊ ಅಂದರೆ ಎದೊ ಕಾಲದ ಅಧಿಕಾರಿ, ನಮ್ಮ ಕಡೆಯ ಅಮಲ್ದಾರ ಇದ್ದ ಹಾಗೆ. ಎಲ್ಲ ಗುಂಪಿನಲ್ಲೂ ಒಬ್ಬ ಇರುತ್ತಾನೆ. ನಮ್ಮಲ್ಲಿ ಅದು ನಾನೇ.

ಕೊರಿಯನ್ ಅಂಗಡಿಯಲ್ಲಿ ಮೊದಲ ಸಲ ಏನು ಹೇಳಬೇಕು?

ಸಮ್‌ಗ್ಯೊಪ್ಸಲ್. ಹಂದಿಯ ಹೊಟ್ಟೆಯ ಭಾಗ. ಮಾಂಸ, ನೆಣ ಪದರ ಪದರವಾಗಿ ಇರುವುದರಿಂದ ‘ಮೂರು ಪದರದ ಮಾಂಸ’ ಎಂದು ಹೆಸರು. ಮಸಾಲೆ ಹಚ್ಚಿರುವುದಿಲ್ಲ, ಉಪ್ಪು ಮತ್ತು ಬೆಂಕಿಯೇ ರುಚಿ. ಇದಕ್ಕೆಂದೇ ಒಂದು ದಿನ ಬೇರೆ ಇದೆ, ಮಾರ್ಚ್ 3. ಮೂರನೇ ತಿಂಗಳ ಮೂರನೇ ತಾರೀಕು, ಮೂರು ಪದರ. ಜೊತೆಗೆ ಕತ್ತಿನ ಭಾಗದ ‘ಮೊಕ್ಸಲ್’ ಒಂದು ತಟ್ಟೆ ಹೇಳಿ, ಅದರಲ್ಲಿ ನೆಣ ಕಡಿಮೆ.

ಮಸಾಲೆ ಹಚ್ಚಿದ್ದು ಬೇಕೆಂದರೆ ಗಾಲ್ಬಿ. ಪಕ್ಕೆಲುಬಿನ ಮಾಂಸವನ್ನು ಸೋಯಾ, ಬೆಳ್ಳುಳ್ಳಿ, ಪೇರುಹಣ್ಣು, ಎಳ್ಳೆಣ್ಣೆಯಲ್ಲಿ ನೆನೆಸಿರುತ್ತಾರೆ. ಇಲ್ಲಿ ಪೇರು ಅಂದರೆ ಸೀಬೆಯಲ್ಲ, ಮರಸೇಬು. ದನದ ಗಾಲ್ಬಿಗೆ ನಾನಿದ್ದ ಸುವಾನ್ ಊರೇ ಪ್ರಸಿದ್ಧ, ಹಂದಿ ಗಾಲ್ಬಿಗೆ ಸಿಯೋಲಿನ ಮಾಪೊ. ಮಸಾಲೆ ಹಚ್ಚಿದ್ದನ್ನು ಯಾವಾಗಲೂ ಕೊನೆಗೆ ಹಾಕಿ. ಸಕ್ಕರೆ ಇರುವುದರಿಂದ ಬೇಗ ಸೀದು ಕಾವಲಿಗೆ ಅಂಟುತ್ತದೆ, ಆಮೇಲೆ ಹಾಕಿದ್ದಕ್ಕೆಲ್ಲ ಕರಿ ಬಳಿಯುತ್ತದೆ.

ಮೆನುವಿನಲ್ಲಿ ‘1 ಇನ್‌ಬುನ್’ ಎಂದಿದ್ದರೆ ಒಬ್ಬರ ಪಾಲು, 150ರಿಂದ 200 ಗ್ರಾಂ ಹಸಿ ಮಾಂಸ. ಸುಟ್ಟಮೇಲೆ ಇನ್ನೂ ಇಳಿಯುತ್ತದೆ. ಮೊದಲ ಆರ್ಡರ್ ಕನಿಷ್ಠ ಎರಡು ಪಾಲು ಇರಲೇಬೇಕು ಎನ್ನುವ ಅಂಗಡಿಗಳೇ ಹೆಚ್ಚು. ನಾಲ್ಕು ಜನರಿಗೆ ನಾಲ್ಕು ಪಾಲಿನಿಂದ ಶುರುಮಾಡಿ, ಆಮೇಲೆ ಎರಡೆರಡು ಹೇಳುತ್ತ ಹೋಗಿ. ಒಂದೇ ಸಲ ಹತ್ತು ಪಾಲು ಹೇಳಿ ಮೇಜಿನ ತುಂಬ ಹಸಿ ಮಾಂಸ ಹರಡಿಕೊಂಡು ಕೂರುವುದು ನಮ್ಮವರ ಸಾಮಾನ್ಯ ತಪ್ಪು. ದರದ ಅಂದಾಜಿಗೆ ಹೇಳುವುದಾದರೆ, ಸಿಯೋಲಿನಲ್ಲಿ 200 ಗ್ರಾಂ ಸಮ್‌ಗ್ಯೊಪ್ಸಲ್‌ನ ಸರಾಸರಿ ಬೆಲೆ 2024ರಲ್ಲಿ 20,000 ವೊನ್ ದಾಟಿತು. ನಮ್ಮ ಲೆಕ್ಕದಲ್ಲಿ ಸುಮಾರು 1,200 ರೂಪಾಯಿ.

ಅದನ್ನ ಸುಡೋದು ಹೇಗೆ? ಪ್ರತಿ ಸಲ ರಬ್ಬರ್ ಆಗುತ್ತೆ.

ಕಾವಲಿ ಕಾಯುವ ಮುಂಚೆ ಹಾಕಿರುತ್ತೀರಿ, ಅಥವಾ ಹಾಕಿದ್ದನ್ನು ನಿಮಿಷಕ್ಕೆ ನಾಲ್ಕು ಸಲ ಮಗುಚಿರುತ್ತೀರಿ. ಕಾವಲಿಯ ಮೇಲೆ ಅಂಗೈ ಚಾಚಿದರೆ ಎರಡು ಮೂರು ಎಣಿಸುವಷ್ಟರಲ್ಲಿ ಕೈ ಹಿಂದೆ ಬರಬೇಕು, ಅಷ್ಟು ಕಾವು. ತುಂಡನ್ನು ಉದ್ದಕ್ಕೆ ಹಾಕಿ, ಮುಟ್ಟಬೇಡಿ. ಮೇಲ್ಭಾಗದಲ್ಲಿ ರಸ ಮಣಿಮಣಿಯಾಗಿ ಒಸರಿದಾಗ ಒಮ್ಮೆ ಮಗುಚಿ. ಕೆಳಗೆ ಹೊಂಬಣ್ಣ ಬಂದಿದ್ದರೆ ಈಗ ಕತ್ತರಿ ತೆಗೆದುಕೊಳ್ಳಿ. ಬೆರಳಗಲಕ್ಕೆ ಕತ್ತರಿಸಿ, ತುಂಡುಗಳನ್ನು ಪಕ್ಕಕ್ಕೆ ಮಲಗಿಸಿ ಆ ಬದಿಗಳನ್ನೂ ಬೇಯಿಸಿ.

ಕಾವಲಿ ಒಂದು ಕಡೆಗೆ ಸ್ವಲ್ಪ ವಾಲಿರುವುದನ್ನು ಗಮನಿಸಿ. ನೆಣ ಕರಗಿ ಆ ತಗ್ಗಿಗೆ ಹರಿದು ಹೊರಹೋಗಲಿ ಎಂದು ಹಾಗೆ ಇಟ್ಟಿರುತ್ತಾರೆ. ಆ ತಗ್ಗಿನಲ್ಲೇ ಕಿಮ್ಚಿ (ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸು) ಮತ್ತು ಮೊಳಕೆ ಕಾಳು ಹರಡಿ. ಹಂದಿಯ ಕೊಬ್ಬಿನಲ್ಲಿ ಹುರಿದ ಹುಳಿ ಕಿಮ್ಚಿಯ ರುಚಿ ಕಂಡ ನಮ್ಮ ಕೊಡಗಿನ ಗೆಳೆಯ, ಮಾರನೆಯ ಸಲ ಊರಿಂದ ತಂದಿದ್ದ ಕಾಚಂಪುಳಿಯ ಪುಟ್ಟ ಬಾಟಲಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಎರಡು ತೊಟ್ಟು ಹಾಕಿದ. ಪಕ್ಕದ ಮೇಜಿನ ಕೊರಿಯನ್ ಅಜ್ಜ ಕೇಳಿ ಇಸಿದುಕೊಂಡು ರುಚಿ ನೋಡಿ ತಲೆಯಾಡಿಸಿದರು.

ಎಲೆಯಲ್ಲಿ ಸುತ್ತಿ ತಿನ್ನೋದಕ್ಕೆ ಏನಾದರೂ ಕ್ರಮ ಇದೆಯಾ?

ಇದಕ್ಕೆ ‘ಸ್ಸಾಮ್’ ಎನ್ನುತ್ತಾರೆ. ಬೀಡಾ ಕಟ್ಟಲು ಗೊತ್ತಿದ್ದರೆ ಇದೂ ಗೊತ್ತು. ಅಂಗೈಯಲ್ಲಿ ಲೆಟಿಸ್ ಎಲೆ, ಅದರ ಮೇಲೆ ಬೇಕಿದ್ದರೆ ಕ್ಕೆನ್ನಿಪ್ ಎಂಬ ಘಮ್ಮೆನ್ನುವ ಎಲೆ, ಒಂದು ತುಂಡು ಮಾಂಸ, ಒಂದು ಚಕ್ಕೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಂದು ಚೂರು, ಕಡಲೆಕಾಳಿನಷ್ಟು ಸ್ಸಾಮ್‌ಜಾಂಗ್. ಇದು ಸೋಯಾ ಹುದುಗಿನ ದ್ವೆನ್‌ಜಾಂಗ್, ಮೆಣಸಿನ ಗೊಚುಜಾಂಗ್ ಎರಡನ್ನೂ ಬೆರೆಸಿದ ಗಟ್ಟಿ ಚಟ್ನಿ. ನಾಲ್ಕೂ ಅಂಚು ಒಟ್ಟು ಮಾಡಿ, ಇಡಿಯಾಗಿ ಬಾಯಿಗೆ. ಅರ್ಧ ಕಚ್ಚಿ ಅರ್ಧ ಕೈಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ವೀಳ್ಯವನ್ನು ಯಾರು ಅರ್ಧ ಕಚ್ಚುತ್ತಾರೆ ಹೇಳಿ? ಬಾಯಿ ತುಂಬಿ ಮಾತು ನಿಲ್ಲುವುದೂ ಊಟದ ಭಾಗವೇ.

ಮೊದಲ ತುಂಡನ್ನು ಮಾತ್ರ ಎಲೆ ಇಲ್ಲದೆ, ಎಳ್ಳೆಣ್ಣೆ ಮತ್ತು ಉಪ್ಪಿನಲ್ಲಿ ಅದ್ದಿ ತಿನ್ನಿ.

ಸುತ್ತ ಇಡೋ ಪುಟ್ಟ ಪುಟ್ಟ ತಟ್ಟೆಗಳಿಗೆ ಬೇರೆ ದುಡ್ಡಾ?

ಕೊರಿಯದಲ್ಲಿ ಇಲ್ಲ. ಅವು ‘ಬಾನ್‌ಚಾನ್’, ಅಂದರೆ ನಂಚಿಕೊಳ್ಳುವುದು. ನಮ್ಮ ಎಲೆಯ ಮೇಲಿನ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಇದ್ದ ಹಾಗೆ. ಖಾಲಿಯಾದರೆ ಮತ್ತೆ ಕೊಡುತ್ತಾರೆ, ಕೆಲವು ಕಡೆ ನೀವೇ ಹೋಗಿ ಬಡಿಸಿಕೊಳ್ಳುವ ಕಟ್ಟೆ ಇರುತ್ತದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ, ಹಾಗಾಗಿ ಎಷ್ಟು ಬೇಕೋ ಅಷ್ಟೇ ಕೇಳಿ. ಅಂಗಡಿಯವರು ಖುಷಿಯಾಗಿ ಒಂದು ಮೊಟ್ಟೆಯ ಖಾದ್ಯವನ್ನೋ, ತಂಪು ಪಾನೀಯವನ್ನೋ ತಂದಿಟ್ಟು ‘ಸೊಬಿಸು’ ಎಂದರೆ ಗಾಬರಿಯಾಗಬೇಡಿ. ಸರ್ವಿಸ್ ಎಂಬ ಪದವೇ ಅದು, ಅಲ್ಲಿ ಅರ್ಥ ‘ಕೊಸರು’.

ಜಪಾನಿನಲ್ಲಿ ಲೆಕ್ಕ ಬೇರೆ. ಕಿಮ್ಚಿ, ನಮುಲು ಎಂಬ ಸೊಪ್ಪಿನ ಪಲ್ಯ, ಲೆಟಿಸ್ ಎಲೆ ಎಲ್ಲಕ್ಕೂ ಮೆನುವಿನಲ್ಲಿ ಬೆಲೆ ಇರುತ್ತದೆ. ಕೊರಿಯದಿಂದ ಹೋದವನಿಗೆ ಮೊದಲ ದಿನ ಕಿಮ್ಚಿಗೆ ದುಡ್ಡು ಕೊಟ್ಟಾಗ ಉಪ್ಪಿನಕಾಯಿಗೆ ಬಿಲ್ ಹಾಕಿಸಿಕೊಂಡಷ್ಟು ಸಂಕಟವಾಯಿತು.

ಯಾಕಿನಿಕು ಮೆನುವಿನಲ್ಲಿರೋ ಹೆಸರುಗಳು ಒಂದೂ ಅರ್ಥವಾಗಲ್ಲ.

ಐದು ಹೆಸರು ಗೊತ್ತಿದ್ದರೆ ಸಾಕು. ‘ತಾನ್’ ನಾಲಿಗೆ, ‘ರೋಸು’ ಬೆನ್ನು ಮತ್ತು ಭುಜದ ಕಡೆಯ ಮಾಂಸ. ಇವೆರಡೂ ಟಂಗ್, ರೋಸ್ಟ್ ಎಂಬ ಇಂಗ್ಲಿಷ್ ಪದಗಳೇ ನುಣುಪಾಗಿ ಆದದ್ದು. ‘ಕರುಬಿ’ ಕೊರಿಯದ ಗಾಲ್ಬಿ, ಪಕ್ಕೆಲುಬಿನ ಕೊಬ್ಬಿನ ಹೋಳು. ‘ಹೊರುಮೊನ್’ ನಮ್ಮ ಬೋಟಿ. ‘ಹರಾಮಿ’ ವಪೆಯ ಭಾಗ, ನೋಡಲು ಮಾಂಸದಂತೆಯೇ ಇದ್ದರೂ ಅಲ್ಲಿ ಅದನ್ನು ಬೋಟಿಯ ಸಾಲಿಗೆ ಸೇರಿಸುತ್ತಾರೆ. ಶಿವಾಜಿನಗರದಲ್ಲಿ ಬೆಳೆದ ನನ್ನ ಗೆಳೆಯನೊಬ್ಬನಿಗೆ ವೇಟರ್ ಎದುರು ಗಂಭೀರವಾಗಿ ‘ಹರಾಮಿ ಎರಡು’ ಎಂದು ಹೇಳಲು ಕೊನೆಗೂ ಆಗಲಿಲ್ಲ, ನಕ್ಕು ನಕ್ಕು ಬೆರಳು ತೋರಿಸಿದ.

ತಿನ್ನುವ ಸರದಿ: ಮೊದಲು ಉಪ್ಪಿನದು, ಆಮೇಲೆ ತಾರೆಯದು. ತೆಳ್ಳಗಿನ ನಾಲಿಗೆಯನ್ನು ಉಪ್ಪು ಹಾಕಿ ಸುಟ್ಟು ನಿಂಬೆರಸ ಹಿಂಡಿ ತಿಂದು ಶುರುಮಾಡಿ, ನಂತರ ಹರಾಮಿ, ರೋಸು, ಕರುಬಿ, ಕಡೆಗೆ ಬೋಟಿ. ಬೋಟಿಯ ಕೊಬ್ಬು ಕೆಂಡಕ್ಕೆ ಬಿದ್ದು ಧಗ್ಗನೆ ಉರಿ ಎದ್ದರೆ ನೀರು ಸುರಿಯಬೇಡಿ. ಒಂದು ಐಸ್ ತುಂಡನ್ನು ಜಾಲರಿಯ ಮೇಲಿಟ್ಟರೆ ಉರಿ ಇಳಿಯುತ್ತದೆ. ಜಾಲರಿ ಕರಿ ಹಿಡಿದರೆ ಬದಲಿಸಲು ಕೇಳಿ, ಸಾಮಾನ್ಯವಾಗಿ ಅದಕ್ಕೆ ದುಡ್ಡಿಲ್ಲ.

ಎ5 ವಾಗ್ಯು ಅಂತ ಎಲ್ಲರೂ ಹೇಳ್ತಾರಲ್ಲ, ಅದನ್ನೇ ತಿನ್ನಬೇಕಾ?

ವಾಗ್ಯು ಅಂದರೆ ಜಪಾನಿ ತಳಿಯ ದನದ ಮಾಂಸ. ಗುಂಪಿಗೆ ಒಂದು ತಟ್ಟೆ ಹೇಳಿ, ಅಷ್ಟು ಸಾಕು. ಎ ಎಂಬುದು ರುಚಿಯ ಅಂಕವೇ ಅಲ್ಲ. ಒಂದು ದನದಿಂದ ಎಷ್ಟು ಮಾಂಸ ಸಿಗುತ್ತದೆ ಎಂಬುದಕ್ಕೆ ಎ, ಬಿ, ಸಿ ಎಂಬ ದರ್ಜೆ. ಪಕ್ಕದ ಅಂಕಿ, 1ರಿಂದ 5, ಗುಣಮಟ್ಟದ್ದು. ಅದರಲ್ಲಿ ಕೊಬ್ಬಿನ ನೇಯ್ಗೆಯನ್ನು ಬೇರೆಯಾಗಿ 12ರ ಮಾಪಕದಲ್ಲಿ ಅಳೆಯುತ್ತಾರೆ. 8 ಅಥವಾ ಹೆಚ್ಚು ಬಂದರಷ್ಟೇ 5ನೇ ದರ್ಜೆ. ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದೆ ಎನ್ನುವುದು ನಿಜ. ಆದರೆ ಬೆಣ್ಣೆಯನ್ನು ಎಷ್ಟು ತಿನ್ನಲಾದೀತು? ನಾಲ್ಕನೇ ಹೋಳಿಗೆ ಹೊಟ್ಟೆ ಬೇಡ ಎನ್ನುತ್ತದೆ. ನನ್ನ ಮಟ್ಟಿಗೆ ಸಾದಾ ಹರಾಮಿಯೇ ಮೇಲು.

ನಾನು ದನದ ಮಾಂಸ ತಿನ್ನಲ್ಲ. ಹೋಗಿ ಪ್ರಯೋಜನ ಇದೆಯಾ?

ಕೊರಿಯದಲ್ಲಿ ಯಾವ ತೊಂದರೆಯೂ ಇಲ್ಲ, ಹಂದಿ ಅಂಗಡಿಗಳೇ ಹೆಚ್ಚು. ಎಷ್ಟೋ ಅಂಗಡಿಯಲ್ಲಿ ಹಂದಿ ಬಿಟ್ಟು ಬೇರೆ ಮಾಂಸವೇ ಇರುವುದಿಲ್ಲ. ಹಂದಿಯೂ ಬೇಡ ಎನ್ನುವವರು ದಕ್‌ಗಾಲ್ಬಿ ಅಂಗಡಿ ಹುಡುಕಿ. ಅಗಲ ಕಾವಲಿಯ ಮೇಲೆ ಕೋಳಿ, ಎಲೆಕೋಸು, ಗೆಣಸು, ಅಕ್ಕಿಯ ಕಡುಬಿನ ತುಂಡುಗಳನ್ನು ಗೊಚುಜಾಂಗ್ ಖಾರದಲ್ಲಿ ಬೇಯಿಸುತ್ತಾರೆ. ಚುನ್‌ಚೊನ್ ಊರಿನಲ್ಲಿ ಅದಕ್ಕೊಂದು ಬೀದಿಯೇ ಇದೆ. ನಮ್ಮ ನಾಲಿಗೆಗೆ ಮೊದಲ ತುತ್ತಿಗೇ ಒಗ್ಗುವ ಊಟ ಇದು.

ಜಪಾನಿನಲ್ಲಿ ಸ್ವಲ್ಪ ಕಷ್ಟ. ಯಾಕಿನಿಕು ಎಂದರೇ ದನ ಎನ್ನುವಂತಾಗಿದೆ. ಹಂದಿ, ಕೋಳಿ ಮೆನುವಿನ ಕೊನೆಯ ಪುಟದಲ್ಲಿ ಇರುತ್ತವೆ, ಅದೂ ಅದೇ ಜಾಲರಿಯ ಮೇಲೆ. ಆದರೆ ಉತ್ತರದ ಹೊಕ್ಕೈಡೊಗೆ ಹೋದರೆ ‘ಜಿಂಗಿಸುಕಾನ್’ ಸಿಗುತ್ತದೆ. ಬೋರಲು ಹಾಕಿದ ಬಾಣಲೆಯಂಥ ಕಬ್ಬಿಣದ ಮೇಲೆ ಕುರಿ ಮಾಂಸ, ಕೆಳಗಿನ ಅಂಚಿನಲ್ಲಿ ಈರುಳ್ಳಿ, ಮೊಳಕೆ ಕಾಳು. ಹೆಸರು ಗೆಂಘಿಸ್ ಖಾನನದು. ಟೋಕಿಯೊ, ಒಸಾಕಾದಲ್ಲೂ ಅಲ್ಲೊಂದು ಇಲ್ಲೊಂದು ಇವೆ.

ಅಂದಹಾಗೆ, ಗೋಮಾಂಸ ಜಪಾನಿಗೂ ಬಹಳ ಹಳೆಯದಲ್ಲ. 675ರಲ್ಲಿ ತೆನ್ಮು ಚಕ್ರವರ್ತಿ ವರ್ಷದ ಕೆಲವು ತಿಂಗಳು ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಬೌದ್ಧ ಧರ್ಮದ ಪ್ರಭಾವದಲ್ಲಿ ಆ ಮಡಿ ನಾನಾ ರೂಪದಲ್ಲಿ ಶತಮಾನಗಳವರೆಗೆ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ಗೋಮಾಂಸ ತಿಂದದ್ದು ದೇಶಕ್ಕೆಲ್ಲ ಸುದ್ದಿ.

ಗುಂಪಿನಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ. ಕರೆದುಕೊಂಡು ಹೋಗಬಹುದಾ?

ಪ್ರಾಮಾಣಿಕ ಉತ್ತರ: ಜೊತೆಗೆ ಕೂರಲು ಬರಬಹುದು, ಊಟಕ್ಕೆ ಅಲ್ಲ. ಇದನ್ನು ಮುಂಚೆಯೇ ಅವರಿಗೆ ಹೇಳಿಬಿಡಿ. ‘ಏನಾದರೂ ಸಿಗುತ್ತೆ ಬಾ’ ಎಂದು ಎಳೆದುಕೊಂಡು ಹೋಗಿ ಎರಡು ಗಂಟೆ ಬರೀ ಸೌತೆಕಾಯಿ ತಿನ್ನಿಸಬೇಡಿ. ಒಮ್ಮೆ ಧಾರವಾಡದಿಂದ ಬಂದಿದ್ದ ಗೆಳತಿಗೆ ನಾನು ಹಾಗೆ ಮಾಡಿದ್ದೇನೆ, ಈಗಲೂ ಆಡಿಕೊಳ್ಳುತ್ತಾಳೆ.

ತೊಡಕು ಎಲ್ಲಿದೆ ನೋಡಿ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. ದ್ವೆನ್‌ಜಾಂಗ್ ಸಾರಿನ ಕಟ್ಟು ಒಣಮೀನಿನದು. ಬಿಬಿಮ್‌ಬಾಪ್ ಅನ್ನಕ್ಕೆ ಹಾಕುವ ಗೊಚುಜಾಂಗನ್ನು ಕೆಲವರು ದನದ ಕೈಮಾ ಹಾಕಿ ಹುರಿದಿರುತ್ತಾರೆ. ‘ಕೋಗಿ ಪ್ಪೆಗೊ ಜುಸೆಯೊ’, ಅಂದರೆ ಮಾಂಸ ಬಿಟ್ಟು ಕೊಡಿ ಎಂದರೆ ಮೇಲಿನ ತುಂಡುಗಳನ್ನು ತೆಗೆದು ಕೊಡುತ್ತಾರೆ. ಮೀನಿನ ಕಟ್ಟು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ಜಪಾನಿನ ‘ನಿಕು ನಾಶಿ’ಯೂ ಅಷ್ಟೇ.

ಜೊತೆಗೆ ಬರಲೇಬೇಕು ಎಂದಾದರೆ: ಕೂತ ತಕ್ಷಣ, ಮಾಂಸ ಜಾಲರಿ ಮುಟ್ಟುವ ಮುಂಚೆ, ಅಣಬೆ, ಕುಂಬಳಕಾಯಿ, ಮುಸುಕಿನ ಜೋಳ, ಈರುಳ್ಳಿ ಸುಟ್ಟು ಅವರ ತಟ್ಟೆಗೆ ಹಾಕಿ. ಆಮೇಲೆ ಒಂದು ಮೂಲೆಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿ ಪ್ರತ್ಯೇಕ ಚಿಮಟ ಕೇಳಿ. ಸಾದಾ ಅನ್ನ, ಹುರಿದ ಕಡಲಕಳೆಯ ಹಾಳೆ, ಎಡಮಾಮೆ ಎಂಬ ಎಳೆ ಸೋಯಾ ಕಾಯಿ ಸಿಗುತ್ತವೆ. ಬ್ಯಾಗಿನಲ್ಲಿ ಚಟ್ನಿಪುಡಿ ಇದ್ದರೆ ಇನ್ನೂ ಒಳ್ಳೆಯದು. ಬೆಂಕಿ, ಹೊಗೆ ಒಂದೇ ಆಗಿರುವುದನ್ನು ಒಪ್ಪದವರನ್ನು ಒತ್ತಾಯಿಸಬೇಡಿ.

ಹಲಾಲ್ ಸಿಗುತ್ತಾ?

ಸಿಯೋಲಿನಲ್ಲಿ ಇಟೇವಾನ್ ಮಸೀದಿಯ ಸುತ್ತಮುತ್ತ ಹುಡುಕಿ. ಟೋಕಿಯೊದಲ್ಲೂ ಹಲಾಲ್ ಯಾಕಿನಿಕು ಅಂಗಡಿಗಳಿವೆ. ಉಳಿದೆಡೆ ಕೋಳಿ, ಕುರಿ ಇದ್ದರೂ ರಸಗಳಲ್ಲಿ ಅಡುಗೆಯ ಮದ್ಯ ಸೇರಿರುವ ಸಂಭವ ಹೆಚ್ಚು.

ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ? ಕೆಲವರು ಅರ್ಧ ಹಸಿಯನ್ನೇ ತಿಂತಾರಲ್ಲ?

ದನದ ತೆಳು ಹೋಳಿಗೆ ಎರಡೂ ಬದಿ ಬಣ್ಣ ಬದಲಾಗುವವರೆಗೆ. ಹಂದಿ, ಕೋಳಿ, ಬೋಟಿ ಪೂರ್ತಿ ಬೇಯಲೇಬೇಕು, ಇದರಲ್ಲಿ ಶೋಕಿ ಬೇಡ. ಜಪಾನಿನ ಆರೋಗ್ಯ ಇಲಾಖೆ ಹೇಳುವ ಅಳತೆ, ತುಂಡಿನ ನಡುಭಾಗ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 1 ನಿಮಿಷ. ಹಸಿ ಮಾಂಸಕ್ಕೆ ಹೆಸರಾದ ದೇಶದಲ್ಲೇ ನಿಯಮ ಬಿಗಿಯಾದದ್ದಕ್ಕೆ ಕಾರಣವಿದೆ. 2011ರಲ್ಲಿ ಯಾಕಿನಿಕು ಅಂಗಡಿಗಳಲ್ಲಿ ‘ಯುಕ್ಕೆ’ ಎಂಬ ಹಸಿ ಗೋಮಾಂಸ ತಿಂದು ಹಲವರು ವಿಷಾಹಾರದಿಂದ ಕಾಯಿಲೆ ಬಿದ್ದು, ಐವರು ಸತ್ತರು. 2012ರ ಜುಲೈನಲ್ಲಿ ದನದ ಹಸಿ ಲಿವರ್ ಬಡಿಸುವುದನ್ನು, 2015ರಲ್ಲಿ ಹಸಿ ಹಂದಿಯನ್ನು ನಿಷೇಧಿಸಿದರು.

ಇದಕ್ಕಿಂತ ದೊಡ್ಡ ಅಪಾಯ ನಮ್ಮ ಕೈಯಲ್ಲೇ ಇದೆ: ಹಸಿ ಹೋಳನ್ನು ಎತ್ತಿಟ್ಟ ಚಾಪ್‌ಸ್ಟಿಕ್ಕಿನಿಂದಲೇ ತಿನ್ನುವುದು. ಹಸಿಗೆ ಚಿಮಟ, ಬಾಯಿಗೆ ಚಾಪ್‌ಸ್ಟಿಕ್. ಎಷ್ಟೇ ನಗು, ಮಾತು ಇದ್ದರೂ ಇದೊಂದನ್ನು ಬಿಡಬೇಡಿ.

ಎಷ್ಟು ಬೇಕಾದರೂ ತಿನ್ನಿ ಅನ್ನೋ ಅಂಗಡಿಗಳು ಲಾಭವಾ?

ಹಸಿದ ಹುಡುಗರ ಗುಂಪಾದರೆ ಲಾಭವೇ. ಜಪಾನಿನಲ್ಲಿ ‘ತಬೆಹೊದಾಯಿ’ ಎನ್ನುತ್ತಾರೆ, ಸಾಮಾನ್ಯ ಚೈನ್ ಅಂಗಡಿಗಳಲ್ಲಿ ತಲೆಗೆ 3,000ದಿಂದ 5,000 ಯೆನ್. ಸಮಯ 90 ಅಥವಾ 120 ನಿಮಿಷ, ಕೊನೆಯ ಆರ್ಡರ್ ಅದಕ್ಕಿಂತ 20, 30 ನಿಮಿಷ ಮುಂಚೆ. ಮೇಜಿನಲ್ಲಿರುವ ಎಲ್ಲರೂ ಅದೇ ಯೋಜನೆ ತೆಗೆದುಕೊಳ್ಳಬೇಕು ಎನ್ನುವುದು ಸಾಮಾನ್ಯ ಷರತ್ತು, ಆದ್ದರಿಂದ ಕಡಿಮೆ ತಿನ್ನುವವರಿಗೆ ನಷ್ಟ. ಕೊರಿಯದಲ್ಲಿ ಇದು ‘ಮುಹಾನ್ ರಿಪಿಲ್’. ತಟ್ಟೆಯಲ್ಲಿ ಬಿಟ್ಟರೆ ‘ಪರಿಸರ ಶುಲ್ಕ’ ಎಂದು ದಂಡ ಹಾಕುವ ಬೋರ್ಡು ಗೋಡೆಯ ಮೇಲೆ ಇರುತ್ತದೆ. ನಮ್ಮ ಮಂಡ್ಯದ ಗೆಳೆಯ ಆ ಬೋರ್ಡು ಓದಿಸಿಕೊಂಡು, ‘ಬಾಡು ಬಿಟ್ಟು ಏಳೋರೂ ಅವ್ರಾ?’ ಎಂದು ಕೇಳಿದ.

ಮಾಂಸದ ಮಟ್ಟ ಮಾತ್ರ ಸಾಧಾರಣ. ಮಾತಿಗೆ, ಸಾವಧಾನಕ್ಕೆ ಹೋಗುವವರು ತಟ್ಟೆ ಲೆಕ್ಕದಲ್ಲಿ ಕೊಡುವ ಅಂಗಡಿಗೇ ಹೋಗುವುದು ಒಳ್ಳೆಯದು. ಗಡಿಯಾರ ನೋಡುತ್ತ ನಾಲಿಗೆ ಸುಟ್ಟುಕೊಳ್ಳುವುದು ಯಾಕೆ?

ಕುಡಿಯಲೇಬೇಕಾ? ಕುಡಿಯೋರಿಗೆ ಏನು ನಿಯಮ?

ಬೇಡ. ಸೈಡರ್ ಎಂಬ ಸೋಡಾ, ಜಪಾನಿನಲ್ಲಾದರೆ ಊಲಾಂಗ್ ಚಹಾ ಹಿಡಿದುಕೊಂಡರೆ ಯಾರೂ ಮಾತಾಡುವುದಿಲ್ಲ. ಗ್ಲಾಸು ಎತ್ತುವಾಗ ಜೊತೆಗೆ ಎತ್ತಿದರೆ ಆಯಿತು.

ಕುಡಿಯುವವರಿಗೆ: ಕೊರಿಯದಲ್ಲಿ ನಿಮ್ಮ ಗ್ಲಾಸು ನೀವೇ ತುಂಬಿಕೊಳ್ಳಬಾರದು, ಪಕ್ಕದವರು ತುಂಬಬೇಕು. ಹಿರಿಯರಿಗೆ ಎರಡೂ ಕೈಯಿಂದ ಸುರಿಯಿರಿ, ಅವರೆದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಿ. ಸೋಜು ಎಂಬ ಕೊರಿಯದ ಮದ್ಯದ 360 ಮಿಲಿ ಬಾಟಲಿಯಲ್ಲಿ ಸುಮಾರು ಏಳು ಗ್ಲಾಸು ಬರುತ್ತದೆ. ಇಬ್ಬರು, ಮೂವರು, ನಾಲ್ವರು ಯಾರಿಗೂ ಸರಿಯಾಗಿ ಹಂಚಿಕೆಯಾಗದೆ ಇನ್ನೊಂದು ಬಾಟಲಿ ಹೇಳಬೇಕಾಗುವುದು ಕಂಪನಿಯವರ ಉಪಾಯ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ಮದ್ಯಾಂಶ ಶೇ 16ರ ಆಸುಪಾಸು, ನೀರಿನಂತೆ ಇಳಿಯುತ್ತದೆ, ಎದ್ದು ನಿಂತಾಗ ಗೊತ್ತಾಗುತ್ತದೆ. ಜಪಾನಿನಲ್ಲಿ ಕುಡಿಯುವ ವಯಸ್ಸು 20, ಕೊರಿಯದಲ್ಲಿ 19 ತುಂಬುವ ವರ್ಷದ ಜನವರಿ 1ರಿಂದ. ಎರಡೂ ದೇಶದಲ್ಲಿ ರಕ್ತದಲ್ಲಿ ಶೇ 0.03 ಇದ್ದರೂ ಗಾಡಿ ಓಡಿಸುವಂತಿಲ್ಲ. ಒಂದೇ ಗ್ಲಾಸಿಗೂ ಸಿಕ್ಕಿಬೀಳಬಹುದು.

ವೇಟರನ್ನು ಕರೆಯೋದು ಹೇಗೆ? ಚಮಚ ಎಲ್ಲಿರುತ್ತೆ?

ಮೇಜಿನ ಮೇಲೆ ಗಂಟೆ ಇರುತ್ತದೆ, ಒತ್ತಿ. ಇಲ್ಲದಿದ್ದರೆ ಕೊರಿಯದಲ್ಲಿ ‘ಯೊಗಿಯೊ!’, ಜಪಾನಿನಲ್ಲಿ ‘ಸುಮಿಮಾಸೆನ್!’. ಸ್ವಲ್ಪ ಗಟ್ಟಿಯಾಗಿ ಕೂಗಿದರೆ ಅಸಭ್ಯವಲ್ಲ. ಕೊರಿಯದಲ್ಲಿ ಚಮಚ, ಲೋಹದ ಚಾಪ್‌ಸ್ಟಿಕ್ ಮೇಜಿನ ಬದಿಯ ಡ್ರಾಯರಿನಲ್ಲಿ ಅಡಗಿರುತ್ತವೆ. ಹುಡುಕಿ ಸುಸ್ತಾದವರನ್ನು ಬಹಳ ನೋಡಿದ್ದೇನೆ.

ಚಾಪ್‌ಸ್ಟಿಕ್ಕಿನಲ್ಲಿ ಮಾಡಬಾರದ್ದು ಏನಾದರೂ?

ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಇಡುವ ಎಡೆ. ಜಪಾನಿನಲ್ಲಿ ಒಬ್ಬರ ಚಾಪ್‌ಸ್ಟಿಕ್ಕಿನಿಂದ ಇನ್ನೊಬ್ಬರ ಚಾಪ್‌ಸ್ಟಿಕ್ಕಿಗೆ ತುಂಡು ದಾಟಿಸಬೇಡಿ. ದಹನದ ನಂತರ ಅಸ್ಥಿ ಆಯುವುದು ಹಾಗೆ. ಸುಟ್ಟ ಹೋಳನ್ನು ಗೆಳೆಯರಿಗೆ ಕೊಡುವಾಗ ತಟ್ಟೆಗೆ ಹಾಕಿ.

ಮಾಂಸ ಆದಮೇಲೆ ಅನ್ನ ಇಲ್ವಾ?

ಇದೆ, ಮತ್ತು ನನ್ನ ಪ್ರಕಾರ ಅದೇ ಊಟದ ತಿರುಳು. ಕೊರಿಯನ್ನರು ‘ಊಟ ಏನು ಮಾಡ್ತೀರಿ?’ ಎಂದು ಮಾಂಸ ಮುಗಿದ ಮೇಲೆ ಕೇಳುತ್ತಾರೆ, ಅಲ್ಲಿಯವರೆಗೆ ತಿಂದದ್ದು ಲೆಕ್ಕಕ್ಕೇ ಇಲ್ಲ. ಮೂರು ದಾರಿಗಳಿವೆ. ದ್ವೆನ್‌ಜಾಂಗ್ ಸಾರು ಮತ್ತು ಬಿಳಿ ಅನ್ನ. ಅಥವಾ ‘ನ್ಯಾಂಗ್‌ಮ್ಯೊನ್’, ಐಸ್ ತೇಲುವ ತಂಪು ಕಟ್ಟಿನಲ್ಲಿ ಬಕ್‌ವೀಟ್ ಎಂಬ ಧಾನ್ಯದ ಸಣ್ಣ ಶಾವಿಗೆ. ಕೊಬ್ಬು ಹತ್ತಿದ ಗಂಟಲಿಗೆ ಮಜ್ಜಿಗೆ ಕುಡಿದಷ್ಟು ಹಿತ. ಮೂರನೆಯದು, ಕಾವಲಿಯಲ್ಲಿ ಉಳಿದ ಕಿಮ್ಚಿ, ಮಾಂಸದ ಚೂರುಗಳ ಮೇಲೆ ಅನ್ನ, ಎಳ್ಳೆಣ್ಣೆ, ಕಡಲಕಳೆ ಹಾಕಿ ಹುರಿದು, ಅಗಲಕ್ಕೆ ಒತ್ತಿ, ತಳ ಹಿಡಿಯುವವರೆಗೆ ಬಿಡುವುದು. ಕೆರೆದು ತಿನ್ನುವ ಆ ಸೀಕಲಿಗೆ ಜಗಳವಾಗದ ಗುಂಪನ್ನು ನಾನು ಕಂಡಿಲ್ಲ.

ಬಿಲ್ ಯಾರು ಕೊಡೋದು? ಟಿಪ್?

ಕೊರಿಯ, ಜಪಾನ್ ಎರಡರಲ್ಲೂ ಟಿಪ್ ಇಲ್ಲ. ಮೇಜಿನ ಮೇಲೆ ಬಿಟ್ಟು ಬಂದರೆ ‘ದುಡ್ಡು ಮರೆತಿರಿ’ ಎಂದು ಹಿಂದೆ ಓಡಿ ಬರುತ್ತಾರೆ. ಅಮೆರಿಕದ ಕೊರಿಯಾಟೌನ್‌ಗಳಿಗೆ ಹೋಗುವ ನಮ್ಮವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಶೇ 18ರಿಂದ 20 ಕೊಡುವುದು ವಾಡಿಕೆ.

ಕೊರಿಯದಲ್ಲಿ ಬಾಗಿಲ ಬಳಿಯ ಕೌಂಟರಿನಲ್ಲಿ ಒಬ್ಬರೇ ಪೂರ್ತಿ ಕೊಡುವುದು ಹಳೆಯ ಪದ್ಧತಿ, ಸಾಮಾನ್ಯವಾಗಿ ಹಿರಿಯರು. ‘ಇವತ್ತು ನಂದು’ ಎನ್ನುವುದಕ್ಕೆ ಅವರ ಮಾತು ‘ನಾನು ಗುಂಡು ಹಾರಿಸ್ತೀನಿ’. ನಾವು ಗುಂಡು ಹಾಕುತ್ತೇವೆ, ಅವರು ಹಾರಿಸುತ್ತಾರೆ. ಒಬ್ಬರು ಮೊದಲ ಸುತ್ತಿಗೆ ಕೊಟ್ಟರೆ ಎರಡನೇ ಸುತ್ತಿನ ಬಿಯರನ್ನೋ ಕಾಫಿಯನ್ನೋ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಈಗಿನ ಹುಡುಗರು ಮೊಬೈಲಿನಲ್ಲೇ ಹಂಚಿಕೊಳ್ಳುತ್ತಾರೆ. ಜಪಾನಿನಲ್ಲಿ ‘ವಾರಿಕಾನ್’, ಸಮಪಾಲು, ಯಾವಾಗಲೂ ಸಹಜ. ಆದರೆ ನಿಮ್ಮ ಗುಂಪಿನಲ್ಲಿ ಕುಡಿಯದವರು, ಕಡಿಮೆ ತಿಂದವರು ಇದ್ದರೆ ಮದ್ಯದ ಲೆಕ್ಕವನ್ನಾದರೂ ಬೇರೆ ಮಾಡಿ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಒಬ್ಬರೇ ಹೋಗಬಹುದಾ?

ಕೊರಿಯದಲ್ಲಿ ಕಷ್ಟ, ಎರಡು ಪಾಲಿನ ದುಡ್ಡು ಕೊಡಲು ತಯಾರಿದ್ದರೆ ಕೂರಿಸುತ್ತಾರೆ. ಜಪಾನಿನಲ್ಲಿ ಒಂಟಿಯವರಿಗೆಂದೇ ಅಂಗಡಿಗಳಿವೆ. ‘ಯಾಕಿನಿಕು ಲೈಕ್’ ಎಂಬುದು 2018ರಲ್ಲಿ ಟೋಕಿಯೊದ ಶಿಂಬಾಶಿಯಲ್ಲಿ ಶುರುವಾಯಿತು, ಪ್ರತಿ ಕುರ್ಚಿಯೆದುರು ಒಂದೊಂದು ಪುಟ್ಟ ಒಲೆ. ಅಲ್ಲಿ ಚಿಮಟಕ್ಕೆ ಜಗಳವೇ ಇಲ್ಲ. ನಾನು ಎರಡು ಸಲ ಹೋದೆ, ಸಪ್ಪೆ ಅನ್ನಿಸಿತು.

ಬೆಂಗಳೂರಿನಲ್ಲೇ ತಿಂದರೆ ಆಗಲ್ವಾ?

ಆಗುತ್ತದೆ. ಬಿಡದಿಗೆ ಟೊಯೋಟಾ ಬಂದಾಗಿನಿಂದ ಜಪಾನಿಯರು, ಬೇರೆ ಕಂಪನಿಗಳ ಜೊತೆ ಕೊರಿಯನ್ನರು ನಗರದಲ್ಲಿ ನೆಲೆಸಿ ಅವರ ಊಟದ ಮನೆಗಳೂ ಬಂದಿವೆ. ಕರ್ನಾಟಕದ 2020ರ ಜಾನುವಾರು ಕಾಯ್ದೆಯ ಕಾರಣ ದನದ ಗಾಲ್ಬಿ, ಕರುಬಿಯ ಆಸೆ ಇಟ್ಟುಕೊಂಡು ಹೋಗಬೇಡಿ. ಹಂದಿ, ಕೋಳಿ ಹೇಳಿ. ಮೇಜಿನಲ್ಲಿ ಕೆಂಡ ಇದೆಯೋ, ಗ್ಯಾಸೋ, ಅಡುಗೆಮನೆಯಲ್ಲೇ ಸುಟ್ಟು ತರುತ್ತಾರೋ ಎಂಬುದನ್ನು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಸುಟ್ಟು ತಂದರೆ ಅರ್ಧ ಮಜಾ ಹೋದಂತೆ.

ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತಲ್ಲ, ಏನು ಮಾಡೋದು?

ಹತ್ತುತ್ತದೆ. ಕೊರಿಯದಲ್ಲಿ ಕೂರುವ ಸ್ಟೂಲಿನ ಮುಚ್ಚಳ ಎತ್ತಿದರೆ ಒಳಗೆ ಜಾಗ ಇರುತ್ತದೆ, ಕೋಟು, ಬ್ಯಾಗು ಅದರಲ್ಲಿ ಹಾಕಿ. ಜಪಾನಿನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಹೊರಡುವಾಗ ಬಾಗಿಲ ಬಳಿ ವಾಸನೆ ತೆಗೆಯುವ ಸ್ಪ್ರೇ ಇಟ್ಟಿರುತ್ತಾರೆ, ನಾಚಿಕೆಪಡದೆ ಬೆನ್ನಿಗೂ ಹೊಡೆಸಿಕೊಳ್ಳಿ. ಉಣ್ಣೆ ಸ್ವೆಟರ್, ರೇಷ್ಮೆ ಬೇಡ. ತಲೆಗೆ ಮಾತ್ರ ಯಾವ ಸ್ಪ್ರೇಯೂ ಕೆಲಸ ಮಾಡುವುದಿಲ್ಲ, ರಾತ್ರಿ ಎಷ್ಟೇ ಹೊತ್ತಾದರೂ ಸ್ನಾನ ಮಾಡಿ ಮಲಗಿ. ಇಲ್ಲದಿದ್ದರೆ ಬೆಳಗ್ಗೆ ದಿಂಬಿನಿಂದಲೇ ಗಾಲ್ಬಿ ವಾಸನೆ ಬಂದು ಮತ್ತೆ ಹಸಿವಾಗುತ್ತದೆ.